ಸ್ಲ್ಯಾಂಟ್ ಸಿಕ್ಸ್ 225ಕ್ಕೆ ಎರಡು ಬ್ಯಾರೆಲ್ ಕಾರ್ಬುರೇಟರ್: ಮ್ಯಾನಿಫೋಲ್ಡ್ ಬಿಚ್ಚುವುದರಿಂದ ಕೊನೆಯ ಟ್ಯೂನಿಂಗ್‌ವರೆಗೆ

ಕ್ರೈಸ್ಲರ್ ಕಂಪನಿಯ ಸ್ಲ್ಯಾಂಟ್ ಸಿಕ್ಸ್ ಎಂಜಿನ್ 1960ರ ಮಾದರಿಯ ವೇಲಿಯಂಟ್ ಕಾರಿನ ಜೊತೆ ರಸ್ತೆಗೆ ಬಂತು. ಕಾರುಗಳಲ್ಲಿ 1983ರವರೆಗೆ, ಡಾಡ್ಜ್ ಟ್ರಕ್ಕುಗಳಲ್ಲಿ 1987ರವರೆಗೆ ಉಳಿಯಿತು. ಆರು ಸಿಲಿಂಡರ್‌ಗಳ ಸಾಲು 30 ಡಿಗ್ರಿ ಬಲಕ್ಕೆ ವಾಲಿರುವುದರಿಂದ ಈ ಹೆಸರು. ಹಾಗೆ ವಾಲಿದ್ದರಿಂದಲೇ ಎಡಗಡೆ, ಅಂದರೆ ಅಮೆರಿಕದ ಕಾರಿನಲ್ಲಿ ಚಾಲಕನ ಕಡೆ, ಗಾಳಿ ಒಳಗೆಳೆಯುವ ಉದ್ದನೆಯ ಇನ್‌ಟೇಕ್ ಕೊಳವೆಗಳಿಗೆ ಜಾಗ ಸಿಕ್ಕಿತು. ಆರು ಸಿಲಿಂಡರಿಗೂ ಪ್ರತ್ಯೇಕ ಇನ್‌ಟೇಕ್ ಪೋರ್ಟ್, ಪ್ರತ್ಯೇಕ ಕೊಳವೆ ಇದೆ. ಇಷ್ಟು ಒಳ್ಳೆಯ ವಿನ್ಯಾಸದ ಬಾಯಿಗೆ ಬಹುತೇಕ ಕಾರುಗಳಲ್ಲಿ ಒಂದೇ ಬ್ಯಾರೆಲ್‌ನ (ಗಾಳಿ ಹಾಯುವ ನಾಳದ), ಹಾಲಿ (Holley) ಅಥವಾ ಕಾರ್ಟರ್ ಕಂಪನಿಯ ಸಣ್ಣ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ) ಕೂರಿಸಿದ್ದರು. ಎಂಜಿನ್ ಏದುಸಿರು ಬಿಡುವುದು ಅಲ್ಲಿ.

ಕಂಪನಿಯೇ ಇದಕ್ಕೆ ಮದ್ದು ಕೊಟ್ಟಿತ್ತು. 1977ರ ಡಾಡ್ಜ್ ಆಸ್ಪೆನ್, ಪ್ಲಿಮತ್ ವೊಲಾರೆ ಕಾರುಗಳಲ್ಲಿ 'ಸೂಪರ್ ಸಿಕ್ಸ್' ಹೆಸರಿನಲ್ಲಿ ಎರಡು ಬ್ಯಾರೆಲ್‌ನ ಕಾರ್ಟರ್ ಬಿಬಿಡಿ ಕಾರ್ಬುರೇಟರ್, ಅದಕ್ಕೆ ಹೊಂದುವ ಮ್ಯಾನಿಫೋಲ್ಡ್ (ಕಾರ್ಬುರೇಟರ್‌ನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆಗಳ ಗುಂಪು) ಸಿಗುತ್ತಿದ್ದವು. ಕಾಗದದ ಮೇಲೆ 100 ಅಶ್ವಶಕ್ತಿ 110 ಆಯಿತು, ಟಾರ್ಕ್ 170ರಿಂದ 180 ಅಡಿ-ಪೌಂಡ್‌ಗೆ ಏರಿತು. ಅಂಕಿ ಚಿಕ್ಕದು. ಆದರೆ ಏರು ಹತ್ತುವಾಗ, ಮುಂದಿನ ಗಾಡಿಯನ್ನು ದಾಟುವಾಗ ಪಿಕಪ್‌ನಲ್ಲಿ ಕಾಣುವ ವ್ಯತ್ಯಾಸ ಚಿಕ್ಕದಲ್ಲ. ಈ ಮಾರ್ಗದರ್ಶಿ ಆ ಬದಲಾವಣೆಯದೇ. ಒಂದು ಮಾತು ಮೊದಲೇ ಹೇಳಬೇಕು: ಕಾರ್ಬುರೇಟರ್ ಕೂರಿಸುವುದು ಈ ಕೆಲಸದಲ್ಲಿ ಅತಿ ಸುಲಭದ ಭಾಗ. ಕೆಲಸ ಕೆಡುವುದು ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ (ಸೋರದಂತೆ ನಡುವೆ ಇಡುವ ಪದರ), ಗೇರ್‌ಬಾಕ್ಸ್‌ಗೆ ಹೋಗುವ ಸರಳಿನಲ್ಲಿ, ಚೋಕ್‌ನಲ್ಲಿ (ತಣ್ಣನೆಯ ಎಂಜಿನ್ನಿಗೆ ಗಾಳಿ ತಗ್ಗಿಸುವ ಬಾಗಿಲು). ಸಮಯವನ್ನು ಅಲ್ಲಿಗೆ ಎತ್ತಿಡಿ.

ಎಷ್ಟು ಗಾಳಿ ಬೇಕು?

ಲೆಕ್ಕ ಸರಳ. ಎಂಜಿನ್ನಿನ ಗಾತ್ರವನ್ನು ಘನ ಇಂಚಿನಲ್ಲಿ ಬರೆದು, ಗರಿಷ್ಠ ಆರ್‌ಪಿಎಂನಿಂದ ಗುಣಿಸಿ, 3456ರಿಂದ ಭಾಗಿಸಿ. 225 ಘನ ಇಂಚಿನ ಎಂಜಿನ್ 4500 ಆರ್‌ಪಿಎಂಗೆ ಹೋದರೆ 293 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ). ಇದು ಪ್ರತಿ ಸಲವೂ ಸಿಲಿಂಡರ್ ಪೂರ್ತಿ ತುಂಬಿದರೆ ಬರುವ ಅಂಕಿ. ಮಾರ್ಪಾಡಿಲ್ಲದ ಹಳೆಯ ಎಂಜಿನ್ ಮುಕ್ಕಾಲು ಭಾಗದಷ್ಟು ತುಂಬಿದರೆ ಹೆಚ್ಚು. ಅಂದರೆ ನಿಜವಾಗಿ ಬೇಕಾದದ್ದು ಸುಮಾರು 220ರಿಂದ 230 ಸಿಎಫ್‌ಎಂ.

ಅಂಗಡಿಯ ಅಂಕಿಗಳನ್ನು ಹೋಲಿಸುವಾಗ ಒಂದು ತೊಡಕಿದೆ. ನಾಲ್ಕು ಬ್ಯಾರೆಲ್ ಕಾರ್ಬುರೇಟರ್‌ಗಳನ್ನು 1.5 ಇಂಚು ಪಾದರಸದ ಒತ್ತಡ ವ್ಯತ್ಯಾಸದಲ್ಲಿ ಅಳೆಯುತ್ತಾರೆ, ಒಂದು ಮತ್ತು ಎರಡು ಬ್ಯಾರೆಲ್‌ನವನ್ನು 3 ಇಂಚಿನಲ್ಲಿ. ಎರಡು ಬ್ಯಾರೆಲ್‌ನ ಅಂಕಿಯನ್ನು 1.41ರಿಂದ ಭಾಗಿಸಿದರೆ ಮಾತ್ರ ನಾಲ್ಕು ಬ್ಯಾರೆಲ್‌ನ ಅಂಕಿಯ ಪಕ್ಕ ಇಟ್ಟು ನೋಡಬಹುದು. ಎರಡು ಬ್ಯಾರೆಲ್‌ನ 300, ನಾಲ್ಕು ಬ್ಯಾರೆಲ್ ಅಳತೆಯಲ್ಲಿ ಸುಮಾರು 212 ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟೋ ಜನ ಬೇಕಾದ್ದಕ್ಕಿಂತ ದೊಡ್ಡದನ್ನು ಕೊಂಡು ಕೂರುತ್ತಾರೆ.

ದೊಡ್ಡದಾದರೆ ತೊಂದರೆ ಏನು? ಪೆಟ್ರೋಲನ್ನು ಎಳೆದು ಹನಿಹನಿಯಾಗಿ ಒಡೆಯುವುದು ವೆಂಚುರಿಯ (ಬ್ಯಾರೆಲ್‌ನ ಕಿರಿದಾದ ಕತ್ತು) ಮೂಲಕ ಹಾಯುವ ಗಾಳಿಯ ವೇಗ. ಬಾಯಿ ಅಗಲವಾದಷ್ಟೂ ಕಡಿಮೆ ಆರ್‌ಪಿಎಂನಲ್ಲಿ ಆ ವೇಗ ಕುಸಿಯುತ್ತದೆ, ಪೆಟ್ರೋಲ್ ಹನಿಗಳು ದಪ್ಪವಾಗಿ ಮ್ಯಾನಿಫೋಲ್ಡ್ ಗೋಡೆಗೆ ಅಂಟುತ್ತವೆ, ಪೆಡಲ್ ಒತ್ತಿದ ತಕ್ಷಣ ಎಂಜಿನ್ ಮುಗ್ಗರಿಸುತ್ತದೆ. 390 ಸಿಎಫ್‌ಎಂನ ನಾಲ್ಕು ಬ್ಯಾರೆಲ್ ಹಾಲಿ ಒಳ್ಳೆಯ ಕಾರ್ಬುರೇಟರೇ. ಆದರೆ ಅದು ಕ್ಯಾಮ್ ಬದಲಿಸಿ, ಕಂಪ್ರೆಷನ್ ಏರಿಸಿ, ಎಕ್ಸಾಸ್ಟ್ ಅಗಲಿಸಿದ ಎಂಜಿನ್ನಿಗೆ. ಉಳಿದದ್ದೆಲ್ಲ ಕಂಪನಿಯಿಂದ ಬಂದಂತೆಯೇ ಇದ್ದರೆ ಎರಡು ಬ್ಯಾರೆಲ್ ಸಾಕು.

ಹಳೆಯ ಒಂದು ಬ್ಯಾರೆಲ್ ಮ್ಯಾನಿಫೋಲ್ಡ್ ಮೇಲೆ ಅಡಾಪ್ಟರ್ ತಟ್ಟೆ ಇಟ್ಟು ಎರಡು ಬ್ಯಾರೆಲ್ ಕೂರಿಸುವ ಅಡ್ಡದಾರಿಯೂ ಇದೆ. ನಾವು ಅದನ್ನು ಶಿಫಾರಸು ಮಾಡುವುದಿಲ್ಲ. ತಟ್ಟೆಯ ಕೆಳಗಿನ ತೂತು ಹಳೆಯದೇ ಆಗಿರುವುದರಿಂದ ಇಕ್ಕಟ್ಟು ಒಂದಿಂಚು ಕೆಳಗೆ ಸರಿಯುತ್ತದೆ, ಅಷ್ಟೇ. ಜೊತೆಗೆ ಎತ್ತರ ಹೆಚ್ಚಿ ಬಾನೆಟ್ ತಾಗುತ್ತದೆ.

ಕಾರ್ಬುರೇಟರ್ ಆಯ್ಕೆ

ಬಿಬಿಡಿ ಮೊದಲ ಆಯ್ಕೆ. ಎರಡೂ ಬ್ಯಾರೆಲ್ ಒಂದೇ ಶಾಫ್ಟ್ ಮೇಲೆ ಒಟ್ಟಿಗೆ ತೆರೆಯುತ್ತವೆ, ಕಂಪನಿಯದೇ ಲಿಂಕೇಜ್ ಹೊಂದುತ್ತದೆ. ಇದರ ಒಂದು ದೌರ್ಬಲ್ಯ ಗೊತ್ತಿರಲಿ. ಒಳಗಿನ ಐಡಲ್ ಟ್ಯೂಬ್‌ಗಳ ರಂಧ್ರ ಬಹಳ ಸಣ್ಣದು, ಸ್ವಲ್ಪ ಕಸ ಬಂದರೂ ಕಟ್ಟಿಕೊಳ್ಳುತ್ತದೆ. ಆಗ ಐಡ್ಲಿಂಗ್ (ಪೆಡಲ್ ಒತ್ತದಿರುವಾಗಿನ ಓಟ) ಸ್ಥಿರವಾಗಿರುವುದಿಲ್ಲ, ಗಾಳಿ-ಪೆಟ್ರೋಲ್ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಸ್ಪಂದಿಸುವುದಿಲ್ಲ. ಒಳ್ಳೆಯ ಫ್ಯೂಯಲ್ ಫಿಲ್ಟರ್ ಇಲ್ಲದೆ ಬಿಬಿಡಿ ಹಾಕಬೇಡಿ.

ಎರಡನೆಯದು ವೆಬರ್ 32/36. ಇದರಲ್ಲಿ 32 ಮಿಮೀ ಬ್ಯಾರೆಲ್ ಮೊದಲು, 36 ಮಿಮೀ ಬ್ಯಾರೆಲ್ ಆಮೇಲೆ ತೆರೆಯುತ್ತದೆ. ಕೂರಿಸುವ ದಿಕ್ಕು ಇಲ್ಲಿ ಬಲು ಮುಖ್ಯ. ಸ್ಲ್ಯಾಂಟ್ ಸಿಕ್ಸ್‌ನ ಫೈರಿಂಗ್ ಕ್ರಮ 1-5-3-6-2-4. ಗಮನಿಸಿ, ಮುಂದಿನ ಮೂರು ಮತ್ತು ಹಿಂದಿನ ಮೂರು ಸಿಲಿಂಡರ್‌ಗಳು ಸರದಿಯಲ್ಲಿ ಎಳೆಯುತ್ತವೆ. ಮೊದಲು ತೆರೆಯುವ ಬ್ಯಾರೆಲ್ ಎಂಜಿನ್ನಿನ ಮುಂಭಾಗಕ್ಕಿದ್ದರೆ ನಿಧಾನದ ಓಟದಲ್ಲಿ ಮುಂದಿನ ಮೂರಕ್ಕೆ ಪೆಟ್ರೋಲ್ ಹೆಚ್ಚು, ಹಿಂದಿನ ಮೂರಕ್ಕೆ ಕಡಿಮೆ. ಆದ್ದರಿಂದ ಥ್ರಾಟಲ್ (ಪೆಡಲ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಶಾಫ್ಟ್‌ಗಳು ಕ್ರ್ಯಾಂಕ್‌ಶಾಫ್ಟ್‌ಗೆ ಸಮಾನಾಂತರವಾಗಿರುವಂತೆ ಕೂರಿಸಬೇಕು. ವೆಬರ್‌ಗೆ ಪೆಟ್ರೋಲ್ ಒತ್ತಡ 2.5ರಿಂದ 3.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೀರಬಾರದು. ಸ್ಲ್ಯಾಂಟ್ ಸಿಕ್ಸ್‌ನ ಯಾಂತ್ರಿಕ ಪಂಪ್ 3.5ರಿಂದ 5 ಪಿಎಸ್‌ಐ ಕೊಡುತ್ತದೆ, ಹಾಗಾಗಿ ರೆಗ್ಯುಲೇಟರ್ ಬೇಕೇ ಬೇಕು. ಬಿಬಿಡಿಗೆ ಆ ಪಂಪ್ ಹಾಗೆಯೇ ಸರಿ.

ಹಳೆಯ ಬಿಬಿಡಿ ಕೊಳ್ಳುವಾಗ ಥ್ರಾಟಲ್ ಶಾಫ್ಟನ್ನು ಹಿಡಿದು ಅಲ್ಲಾಡಿಸಿ ನೋಡಿ. ಅಡ್ಡಡ್ಡ ಆಟ ಕೈಗೆ ತಿಳಿಯುವಷ್ಟಿದ್ದರೆ ಬೇಡ. ಆ ಸಂದಿನಿಂದ ಒಳನುಗ್ಗುವ ಗಾಳಿಯನ್ನು ಯಾವ ರಿಪೇರಿ ಕಿಟ್ಟೂ ತಡೆಯುವುದಿಲ್ಲ, ಶಾಫ್ಟ್‌ಗೆ ಬುಷ್ ಹಾಕಿಸಬೇಕಾಗುತ್ತದೆ.

ಒಟ್ಟುಮಾಡಬೇಕಾದ ಸಾಮಾನು

170, 198, 225 ಮೂರೂ ಗಾತ್ರದ ಎಂಜಿನ್‌ಗಳಿಗೆ ಸೂಪರ್ ಸಿಕ್ಸ್ ಮ್ಯಾನಿಫೋಲ್ಡ್ ಕೂರುತ್ತದೆ. ಹಳೆಯ ಕಾರಿನಿಂದ ಬಿಚ್ಚಿ ತರುವುದಾದರೆ ಬರೀ ಮ್ಯಾನಿಫೋಲ್ಡ್, ಕಾರ್ಬುರೇಟರ್ ಎತ್ತಿಕೊಂಡು ಬರಬೇಡಿ. ಆಕ್ಸಿಲರೇಟರ್ ಕೇಬಲ್ ಬ್ರಾಕೆಟ್, ಗೇರ್‌ಬಾಕ್ಸ್‌ನ ಕಿಕ್‌ಡೌನ್ ಲಿವರ್ ಮತ್ತು ಸರಳು, ರಿಟರ್ನ್ ಸ್ಪ್ರಿಂಗ್‌ಗಳು, ಚೋಕ್ ಕಾಯಿಲ್ ಮತ್ತು ಅದರ ಕಡ್ಡಿ, ಎರಡು ಬ್ಯಾರೆಲ್‌ನ ಏರ್ ಕ್ಲೀನರ್ ಎಲ್ಲವೂ ಬೇಕು. ಇವು ಬಿಡಿಬಿಡಿಯಾಗಿ ಸಿಗುವುದು ಕಷ್ಟ. ಒಂದು ಬ್ಯಾರೆಲ್‌ನ ಏರ್ ಕ್ಲೀನರ್ ಬಿಬಿಡಿಯ ಕತ್ತಿಗೆ ಹೊಂದುವುದಿಲ್ಲ.

ಹೊಸದಾಗಿ ಕೊಳ್ಳಬೇಕಾದವು: ಹೆಡ್ (ಸಿಲಿಂಡರ್‌ಗಳ ಮೇಲಿನ ಭಾಗ) ಮತ್ತು ಮ್ಯಾನಿಫೋಲ್ಡ್ ನಡುವಿನ ಗ್ಯಾಸ್ಕೆಟ್ ಒಂದು, ಇನ್‌ಟೇಕ್ ಮತ್ತು ಎಕ್ಸಾಸ್ಟ್ ನಡುವಿನ ಗ್ಯಾಸ್ಕೆಟ್ ಒಂದು, ಕಾರ್ಬುರೇಟರ್ ತಳದ ಗ್ಯಾಸ್ಕೆಟ್, ಕಾರ್ಬುರೇಟರ್ ರಿಪೇರಿ ಕಿಟ್, ಮ್ಯಾನಿಫೋಲ್ಡ್ ಸ್ಟಡ್, ನಟ್, ವಾಷರ್‌ಗಳ ಪೂರ್ತಿ ಸೆಟ್, ಎಥೆನಾಲ್ ತಾಳುವ 5/16 ಇಂಚಿನ ಪೆಟ್ರೋಲ್ ಹೋಸ್, ಹೊಸ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಮರಳಿಸುವುದು), ವ್ಯಾಕ್ಯೂಮ್ ಹೋಸ್. ಉಪಕರಣದಲ್ಲಿ ಅಡಿ-ಪೌಂಡ್‌ಗೆ ಬದಲು ಇಂಚು-ಪೌಂಡ್ ತೋರಿಸುವ ಸಣ್ಣ ಟಾರ್ಕ್ ರೆಂಚ್, ಫೀಲರ್ ಗೇಜ್, ನೇರ ಅಂಚಿನ ಉಕ್ಕಿನ ಪಟ್ಟಿ, ವ್ಯಾಕ್ಯೂಮ್ ಗೇಜ್, ಟೈಮಿಂಗ್ ಲೈಟ್ ಇಲ್ಲದೆ ಶುರು ಮಾಡಬೇಡಿ.

ಕಾನೂನಿನ ಮಾತು ಒಂದು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ, 1976ರಿಂದ ಈಚಿನವಕ್ಕೆ ಇಲ್ಲ. ಬೇರೆ ರಾಜ್ಯಗಳ ನಿಯಮ ಬೇರೆ. ತಪಾಸಣೆಗೆ ಒಳಪಡುವ ಕಾರಾದರೆ ಇಜಿಆರ್ ವಾಲ್ವ್ (ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಇನ್‌ಟೇಕ್‌ಗೆ ಬಿಡುವುದು) ಮುಚ್ಚುವ ತಟ್ಟೆ ಹಾಕಬೇಡಿ.

ಬಿಚ್ಚುವ ಮೊದಲು ಎಂಜಿನ್ನಿನ ಆರೋಗ್ಯ

ಸೋತ ಎಂಜಿನ್ನಿಗೆ ಹೊಸ ಕಾರ್ಬುರೇಟರ್ ಹಾಕಿದರೆ ಎರಡರಲ್ಲಿ ತಪ್ಪು ಯಾವುದರದು ಎಂದು ಹುಡುಕುತ್ತ ವಾರಗಟ್ಟಲೆ ಕಳೆಯಬೇಕಾಗುತ್ತದೆ. ಆದ್ದರಿಂದ ಈ ಮೂರು ಪರೀಕ್ಷೆ ಬಿಡಬೇಡಿ.

ಮೊದಲು ಕಂಪ್ರೆಷನ್: ಎಂಜಿನ್ ಬಿಸಿಯಿದ್ದಾಗ, ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. ಆರು ಸಿಲಿಂಡರ್‌ಗಳ ನಡುವೆ 25 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಎರಡನೆಯದು ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು): 1980ರವರೆಗಿನ ಎಂಜಿನ್‌ಗಳಲ್ಲಿ ಬಿಸಿಯಿದ್ದಾಗ ಇನ್‌ಟೇಕ್ 0.010 ಇಂಚು, ಎಕ್ಸಾಸ್ಟ್ 0.020 ಇಂಚು. 1981ರಿಂದ ಹೈಡ್ರಾಲಿಕ್ ಲಿಫ್ಟರ್ ಬಂದ ಮೇಲೆ ಈ ಹೊಂದಾಣಿಕೆ ಇಲ್ಲ. ಟ್ಯಾಪೆಟ್ ಸದ್ದು ಕೇಳಿಸದಿದ್ದರೆ ಖುಷಿಪಡಬೇಡಿ. ಸದ್ದಿಲ್ಲದ ಬಿಗಿ ಟ್ಯಾಪೆಟ್ಟೇ ಎಕ್ಸಾಸ್ಟ್ ವಾಲ್ವ್ ಸುಡುವುದು. ಮೂರನೆಯದು ವ್ಯಾಕ್ಯೂಮ್: ಐಡ್ಲಿಂಗ್‌ನಲ್ಲಿ ಗೇಜ್‌ನ ಮುಳ್ಳು ಪಾದರಸದ 17ರಿಂದ 20 ಇಂಚಿನ ನಡುವೆ ಅಲುಗದೆ ನಿಲ್ಲಬೇಕು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಹೋಲಿಸಲು ಬೇಕು.

ಬಿಚ್ಚುವುದು

ಹಿಂದಿನ ರಾತ್ರಿಯೇ ಎಕ್ಸಾಸ್ಟ್ ಪೈಪ್‌ನ ನಟ್‌ಗಳಿಗೂ ಮ್ಯಾನಿಫೋಲ್ಡ್ ನಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಸುರಿದಿಡಿ. ಬೆಳಿಗ್ಗೆ ತಣ್ಣನೆಯ ಎಂಜಿನ್ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಶುರು ಮಾಡಿ. ಪೆಟ್ರೋಲ್ ಬೆಂಕಿಗೆ ಹೊಂದುವ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ.

ಏರ್ ಕ್ಲೀನರ್, ಹೋಸ್‌ಗಳು, ಚೋಕ್ ಕಡ್ಡಿ, ಥ್ರಾಟಲ್ ಮತ್ತು ಕಿಕ್‌ಡೌನ್ ಲಿಂಕೇಜ್ ಬಿಡಿಸಿ. ಪ್ರತಿ ಹೋಸ್‌ಗೂ ಚೀಟಿ ಅಂಟಿಸಿ, ಬಿಡಿಸುವ ಮೊದಲು ಎರಡು ಕೋನದಿಂದ ಫೋಟೋ ತೆಗೆದಿಡಿ. ಪೆಟ್ರೋಲ್ ಪೈಪ್ ಬಿಚ್ಚಿ ತುದಿ ಮುಚ್ಚಿ. ಆಮೇಲೆ ಎಕ್ಸಾಸ್ಟ್ ಪೈಪ್‌ನ ಎರಡು ನಟ್, ಕೊನೆಗೆ ಹೆಡ್‌ಗೆ ಹಿಡಿದಿರುವ ನಟ್‌ಗಳು. ಸ್ಲ್ಯಾಂಟ್ ಸಿಕ್ಸ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್ ಮೂರು ಬೋಲ್ಟ್‌ಗಳಿಂದ ಒಂದಕ್ಕೊಂದು ಸೇರಿಕೊಂಡು ಒಂದೇ ಗಂಟಾಗಿ ಹೊರಬರುತ್ತವೆ. ಎರಕದ ಕಬ್ಬಿಣ, ಭಾರ ಜಾಸ್ತಿ. ಇಬ್ಬರು ಹಿಡಿದು ಎತ್ತಿ.

ಸ್ಟಡ್ ನಟ್ ಸಮೇತ ತಿರುಗಿ ಬಂದರೆ ಚಿಂತೆಯಿಲ್ಲ, ಹೊಸ ಸ್ಟಡ್ ಹಾಕಬಹುದು. ನಟ್ ಮಿಸುಕದಿದ್ದರೆ ಬಲಪ್ರಯೋಗ ಬೇಡ. ಬಿಸಿ ಕೊಟ್ಟು ತಣಿಯಲು ಬಿಟ್ಟು, ಮತ್ತೆ ಎಣ್ಣೆ ಹಾಕಿ, ಸ್ವಲ್ಪ ಬಿಗಿಸಿ ಸ್ವಲ್ಪ ಸಡಿಲಿಸಿ ಬಿಡಿಸಿ. ಎಣ್ಣೆ, ಪೆಟ್ರೋಲ್ ಪಸೆ ಪೂರ್ತಿ ಒರೆಸಿದ ಮೇಲಷ್ಟೇ ಉರಿ ಹಿಡಿಯಬೇಕು. ಹೆಡ್ ಮೇಲೆ ಉಳಿದ ಹಳೆಯ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆದು ಧೂಳೆಬ್ಬಿಸಬೇಡಿ, ನೀರಿನಲ್ಲಿ ನೆನೆಸಿ, ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಹಾಕಿ, ಪ್ಲಾಸ್ಟಿಕ್ ಚಮಚದಂಥ ಸಾಧನದಿಂದ ಕೆರೆಯಿರಿ. ಪೋರ್ಟ್‌ಗಳಿಗೆ ಬಟ್ಟೆ ತುರುಕಿದ್ದರೆ ಎಷ್ಟು ತುಂಡು ಎಂದು ಎಣಿಸಿಡಿ.

ಮ್ಯಾನಿಫೋಲ್ಡ್: ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲಿ

ಈ ಎಂಜಿನ್ನಿನಲ್ಲಿ ಒಂದೇ ವಾಷರ್ ಇನ್‌ಟೇಕ್‌ನ ಅಂಚನ್ನೂ ಎಕ್ಸಾಸ್ಟ್‌ನ ಅಂಚನ್ನೂ ಸೇತುವೆಯಂತೆ ಒತ್ತಿ ಹಿಡಿಯುತ್ತದೆ. ಎರಡು ಅಂಚುಗಳ ದಪ್ಪ ಒಂದೇ ಇದ್ದರೆ ಮಾತ್ರ ವಾಷರ್ ಎರಡನ್ನೂ ಸಮನಾಗಿ ಒತ್ತುತ್ತದೆ. ಒಂದರ ಮುಖವನ್ನು ಮಾತ್ರ ಮಷೀನ್ ಮಾಡಿಸಿದರೆ ಅದರ ಅಂಚು ತೆಳುವಾಗಿ, ವಾಷರ್ ಓರೆಯಾಗಿ, ತೆಳುವಾದ ಕಡೆ ಸೋರುತ್ತದೆ. ಬೇರೆ ಬೇರೆ ಕಾರಿನಿಂದ ತಂದ ಇನ್‌ಟೇಕ್, ಎಕ್ಸಾಸ್ಟ್ ಸೇರಿಸುವಾಗ ಈ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಎರಡನ್ನೂ ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಮಾಡಿ, ಗಂಟಾಗಿಯೇ ಮೇಜಿನ ಮೇಲೆ ಮಲಗಿಸಿ, ಉಕ್ಕಿನ ಪಟ್ಟಿಯನ್ನು ಮುಖದ ಉದ್ದಕ್ಕೂ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. 0.008 ಇಂಚಿನ ಎಲೆ ಎಲ್ಲಿಯಾದರೂ ನುಗ್ಗಿದರೆ ಮುಖ ಬಾಗಿದೆ ಎಂದರ್ಥ. ಮಷೀನ್ ಅಂಗಡಿಗೆ ಕೊಡುವಾಗ ಜೋಡಿಸಿದ ಗಂಟನ್ನೇ ಕೊಟ್ಟು, ಎರಡನ್ನೂ ಒಂದೇ ಸಲಕ್ಕೆ ಸಮಮಾಡಲು ಹೇಳಿ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಳಗೆ ಹೀಟ್ ರೈಸರ್ ಎಂಬ ಪುಟ್ಟ ಚಿಟ್ಟೆಬಾಗಿಲಿದೆ. ಎಂಜಿನ್ ತಣ್ಣಗಿದ್ದಾಗ ಅದು ಬಿಸಿ ಹೊಗೆಯನ್ನು ಇನ್‌ಟೇಕ್‌ನ ತಳಕ್ಕೆ ತಿರುಗಿಸುತ್ತದೆ, ಬಿಸಿಯಾದ ಮೇಲೆ ಸರಿದುಕೊಳ್ಳುತ್ತದೆ. ಮುಚ್ಚಿದಂತೆ ಸಿಕ್ಕಿಕೊಂಡರೆ ಕಾರ್ಬುರೇಟರ್ ಕುದಿಯುತ್ತದೆ, ಪೆಟ್ರೋಲ್ ಆವಿಯಾಗಿ ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ತೆರೆದಂತೆ ಸಿಕ್ಕಿಕೊಂಡರೆ ಚಳಿಯಲ್ಲಿ ಪೆಟ್ರೋಲ್ ತಳದಲ್ಲಿ ಮಡುಗಟ್ಟಿ ಬಹಳ ಹೊತ್ತು ಮುಗ್ಗರಿಸುತ್ತದೆ. ಹೀಟ್ ರೈಸರ್ ಶಾಫ್ಟ್ ಬೆರಳಲ್ಲಿ ಸಲೀಸಾಗಿ ತಿರುಗುವವರೆಗೆ ಗ್ರಾಫೈಟ್ ಬೆರೆಸಿದ ದ್ರವ ಹಾಕಿ ಬಿಡಿಸಿ. ಎಂಜಿನ್ ಆಯಿಲ್ ಹಾಕಬೇಡಿ, ಸುಟ್ಟು ಇನ್ನಷ್ಟು ಅಂಟುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬದಲು ಹೆಡರ್ (ಬಿಡಿ ಕೊಳವೆಗಳ ಗುಂಪು) ಹಾಕಿ ಈ ಬಿಸಿಯನ್ನೇ ತೆಗೆದುಬಿಡುವವರು ಇನ್‌ಟೇಕ್ ತಳಕ್ಕೆ ಬಿಸಿನೀರಿನ ತಟ್ಟೆಯನ್ನಾದರೂ ಕೊಡಬೇಕು. ತಣ್ಣನೆಯ ತಳದ ಇನ್‌ಲೈನ್ ಸಿಕ್ಸ್ ರಸ್ತೆಯ ಕಾರಿಗೆ ಒಳ್ಳೆಯದಲ್ಲ.

ಜೋಡಿಸುವ ಕ್ರಮ ಹೀಗೆ:

1. ಇನ್‌ಟೇಕ್, ಎಕ್ಸಾಸ್ಟ್ ಸೇರಿಸುವ ಮೂರು ಬೋಲ್ಟ್‌ಗಳನ್ನು ಬೆರಳಲ್ಲಿ ಬಿಗಿಯುವಷ್ಟೇ ಬಿಗಿಸಿ. ಎರಡೂ ಸ್ವಲ್ಪ ಸರಿದಾಡುವಂತಿರಬೇಕು.
2. ಹೆಡ್ ಮೇಲಿನ ಗ್ಯಾಸ್ಕೆಟನ್ನು ಒಣಗಿದಂತೆಯೇ ಹಾಕಿ. ಸಿಲಿಕೋನ್ ಅಂಟು ಬೇಡವೇ ಬೇಡ. ಗ್ಯಾಸ್ಕೆಟ್‌ನ ಒಂದು ಮುಖ ಲೋಹದ್ದಾಗಿದ್ದರೆ ಅದು ಮ್ಯಾನಿಫೋಲ್ಡ್ ಕಡೆಗಿರಲಿ. ಬಿಸಿಗೆ ಹಿಗ್ಗುವ ಕಬ್ಬಿಣ ಅದರ ಮೇಲೆ ಜಾರಬೇಕು.
3. ಗಂಟನ್ನು ಸ್ಟಡ್‌ಗಳ ಮೇಲೆ ಕೂರಿಸಿ, ನಟ್‌ಗಳನ್ನು ಮ್ಯಾನಿಫೋಲ್ಡ್ ಮುಖ ಹೆಡ್‌ಗೆ ಒರಗುವಷ್ಟು ಮಾತ್ರ ತಿರುಗಿಸಿ. ಎರಡು ತುದಿಗಳಲ್ಲಿ ಶಂಕುವಿನಾಕಾರದ ಹಿತ್ತಾಳೆ ವಾಷರ್ ಬರುತ್ತದೆ. ಅದರ ಬದಲು ಸಾಮಾನ್ಯ ಚಪ್ಪಟೆ ವಾಷರ್ ಹಾಕಬೇಡಿ.
4. ಈಗ ಇನ್‌ಟೇಕ್, ಎಕ್ಸಾಸ್ಟ್ ಸೇರಿಸುವ ಆ ಮೂರು ಬೋಲ್ಟ್‌ಗಳನ್ನು 15ರಿಂದ 20 ಅಡಿ-ಪೌಂಡ್‌ಗೆ ಬಿಗಿಸಿ.
5. ಕೊನೆಗೆ ಹೆಡ್‌ನ ನಟ್‌ಗಳನ್ನು ಮಧ್ಯದಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, 10 ಅಡಿ-ಪೌಂಡ್‌ಗೆ ತನ್ನಿ. ಅಂದರೆ 120 ಇಂಚು-ಪೌಂಡ್.

ಹತ್ತು ಎಂದರೆ ಹತ್ತೇ. ಇಷ್ಟು ಕಡಿಮೆಗೆ ಸೋರುತ್ತದೆ ಎಂದು ಕೈಗೆ ಅನ್ನಿಸುತ್ತದೆ, ಇನ್ನೊಂದು ಸುತ್ತು ಎಳೆಯೋಣ ಅನ್ನಿಸುತ್ತದೆ. ಎಳೆಯಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಸಿಯಾದಾಗ ಉದ್ದವಾಗುತ್ತದೆ, ತುದಿಗಳು ಹೊರಕ್ಕೆ ಜಾರಬೇಕು. ಬಿಗಿದು ಹಿಡಿದರೆ ಜಾರಲಾಗದೆ ಸೀಳುತ್ತದೆ. ಈ ಎಂಜಿನ್‌ಗಳ ಸೀಳಿದ ಮ್ಯಾನಿಫೋಲ್ಡ್‌ಗಳ ಹಿಂದೆ ಹೆಚ್ಚಿನ ಸಲ ಇರುವುದು ಇದೇ ಕಾರಣ.

ಕಾರ್ಬುರೇಟರ್ ಸಿದ್ಧತೆ

ಬಿಬಿಡಿಯನ್ನು ಬಿಚ್ಚಿ ದ್ರಾವಣದಲ್ಲಿ ನೆನೆಸಿ, ಪ್ರತಿ ರಂಧ್ರಕ್ಕೂ ಗಾಳಿ ಊದಿ. ಐಡಲ್ ಟ್ಯೂಬ್‌ಗಳನ್ನು ಬೆಳಕಿಗೆ ಹಿಡಿದು ತೂತು ಕಾಣುತ್ತದೆಯೇ ನೋಡಿ. ಪೆಟ್ರೋಲನ್ನು ಅಳೆದು ಬಿಡುವ ಜೆಟ್‌ಗಳಿಗೆ ತಂತಿ ತೂರಿಸಬೇಡಿ, ರಂಧ್ರದ ಅಳತೆಯೇ ಕೆಡುತ್ತದೆ.

ಫ್ಲೋಟ್ ಮಟ್ಟ: ಮುಖ್ಯ ಭಾಗವನ್ನು ತಲೆಕೆಳಗು ಹಿಡಿದು, ಫ್ಲೋಟ್ ತನ್ನ ಭಾರದಿಂದಲೇ ಸೂಜಿಯನ್ನು ಮುಚ್ಚುವಂತೆ ಬಿಡಿ. ಬಟ್ಟಲಿನ ಮೇಲ್ಮೈಯಿಂದ ಫ್ಲೋಟ್‌ನ ಉಬ್ಬಿನವರೆಗೆ 1/4 ಇಂಚು ಇರಬೇಕು. ಸರಿಪಡಿಸಲು ನಾಲಿಗೆಯನ್ನು ಬಗ್ಗಿಸುವಾಗ ಫ್ಲೋಟನ್ನು ಸೂಜಿಯ ಮೇಲೆ ಒತ್ತಬೇಡಿ. ರಬ್ಬರ್ ತುದಿಯ ಸೂಜಿ ಅಚ್ಚೊತ್ತಿಕೊಂಡು ಆಮೇಲೆ ತಪ್ಪು ಅಳತೆ ಕೊಡುತ್ತದೆ. ಮಿಕ್ಸ್ಚರ್ ಸ್ಕ್ರೂಗಳನ್ನು ಹಗುರವಾಗಿ ಮುಚ್ಚಿ, ಎರಡನ್ನೂ ಒಂದೂವರೆ ಸುತ್ತು ತೆರೆದಿಡಿ. ಕೂರಿಸುವಾಗ ತಳದ ನಟ್‌ಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಸಿ. ಒಂದೇ ಮೂಲೆ ಎಳೆದರೆ ತಳ ಬಾಗಿ ಥ್ರಾಟಲ್ ಸಿಕ್ಕಿಕೊಳ್ಳುತ್ತದೆ.

ಏರ್ ಕ್ಲೀನರ್ ಮುಚ್ಚಳದ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ನಿಧಾನವಾಗಿ ಮುಚ್ಚಿ ತೆರೆಯಿರಿ. ಉಂಡೆ ಅರ್ಧ ಇಂಚಿಗಿಂತ ತೆಳುವಾದರೆ ಎತ್ತರ ಕಡಿಮೆ ಮಾಡಬೇಕು, ಏಕೆಂದರೆ ಎಂಜಿನ್ ಓಡುವಾಗ ಮೌಂಟ್‌ಗಳ ಮೇಲೆ ಹೊಯ್ದಾಡುತ್ತದೆ.

ಲಿಂಕೇಜ್, ಅದರಲ್ಲೂ ಕಿಕ್‌ಡೌನ್

ಟಾರ್ಕ್‌ಫ್ಲೈಟ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರಾದರೆ ಈ ಭಾಗವನ್ನು ಎರಡು ಸಲ ಓದಿ. ಕಾರ್ಬುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಸರಳನ್ನು ಕಿಕ್‌ಡೌನ್ ಎಂದು ಕರೆಯುತ್ತಾರಾದರೂ ಅದರ ಕೆಲಸ ಬರೀ ಗೇರ್ ಇಳಿಸುವುದಲ್ಲ. ಥ್ರಾಟಲ್ ಎಷ್ಟು ತೆರೆದಿದೆ ಎಂದು ಗೇರ್‌ಬಾಕ್ಸ್‌ಗೆ ತಿಳಿಸಿ, ಒಳಗಿನ ಎಣ್ಣೆಯ ಒತ್ತಡ ಏರಿಸುವುದೂ ಅದೇ. ಸರಳು ಬಿಟ್ಟುಹೋದರೆ ಅಥವಾ ಸಡಿಲವಿದ್ದರೆ ಒತ್ತಡ ಏರುವುದಿಲ್ಲ, ಮೇಲಿನ ಗೇರ್ ಬೇಗ ಬೀಳುತ್ತದೆ, ಕ್ಲಚ್ ತಟ್ಟೆಗಳು ಜಾರಿ ಸುಡುತ್ತವೆ. ಸರಳಿಲ್ಲದೆ 'ಸ್ವಲ್ಪ ಓಡಿಸಿ ನೋಡೋಣ' ಎಂದು ಹೊರಡಲೇಬೇಡಿ.

ಹೊಂದಿಸುವಾಗ ಚೋಕ್ ಪೂರ್ತಿ ತೆರೆದು ಥ್ರಾಟಲ್ ಸಾಮಾನ್ಯ ಐಡ್ಲಿಂಗ್ ಸ್ಥಾನಕ್ಕೆ ಬರಲಿ. ಗೇರ್‌ಬಾಕ್ಸ್‌ನ ಲಿವರನ್ನು ಅದರ ಮುಂದಿನ ಕೊನೆಗೆ ಒತ್ತಿ ಹಿಡಿದು, ಸರಳಿನ ಸೀಳು ಕಾರ್ಬುರೇಟರ್ ಪಿನ್‌ಗೆ ಸಂದಿಲ್ಲದೆ ತಾಗುವಂತೆ ಉದ್ದ ಹೊಂದಿಸಿ. ಆಮೇಲೆ ಎಂಜಿನ್ ಆಫ್ ಇರುವಾಗ ಇನ್ನೊಬ್ಬರು ಪೆಡಲನ್ನು ನೆಲದವರೆಗೆ ಒತ್ತಲಿ. ಥ್ರಾಟಲ್ ತಟ್ಟೆಗಳು ನೆಟ್ಟಗೆ ನಿಲ್ಲಬೇಕು, ಗೇರ್‌ಬಾಕ್ಸ್ ಲಿವರ್ ಕೂಡ ತನ್ನ ಹಿಂದಿನ ಕೊನೆಗೆ ಬಂದಿರಬೇಕು. ಒಂದು ಮೊದಲು ಮುಟ್ಟಿ ಇನ್ನೊಂದನ್ನು ತಡೆದರೆ ಲಿವರ್‌ನ ಉದ್ದ ತಪ್ಪಿದೆ. ಹೊಸ ಕಾರ್ಬುರೇಟರ್ ಹಾಕಿದ ಮೇಲೆ ಶಕ್ತಿಯೇ ಹೆಚ್ಚಲಿಲ್ಲ ಎಂಬ ದೂರಿಗೂ ಎಷ್ಟೋ ಸಲ ಅರ್ಧಕ್ಕೇ ನಿಂತ ಈ ಥ್ರಾಟಲ್ಲೇ ಕಾರಣ.

ರಿಟರ್ನ್ ಸ್ಪ್ರಿಂಗ್ ಎರಡು ಇರಲಿ. ಒಂದು ತುಂಡಾದರೂ ಇನ್ನೊಂದು ಥ್ರಾಟಲ್ ಮುಚ್ಚಬೇಕು.

ಚೋಕ್, ಹೋಸ್, ಪೆಟ್ರೋಲ್ ಲೈನ್

ಮ್ಯಾನಿಫೋಲ್ಡ್ ಬಿಸಿಗೆ ಸುರುಳಿ ಬಿಚ್ಚುವ ಕಂಪನಿಯ ಚೋಕ್ ಕಾಯಿಲ್ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ, ಕಡ್ಡಿ ಮಾತ್ರ ಎರಡು ಬ್ಯಾರೆಲ್‌ನದೇ ಆಗಿರಬೇಕು. ಎಲೆಕ್ಟ್ರಿಕ್ ಚೋಕ್ ಹಾಕುವುದಾದರೆ ಅದರ ತಂತಿಯನ್ನು ಇಗ್ನಿಷನ್ ಕಾಯಿಲ್‌ನ ಪಾಸಿಟಿವ್‌ಗೆ ಕೊಡಬೇಡಿ. ಈ ಕಾರುಗಳಲ್ಲಿ ಬ್ಯಾಲಾಸ್ಟ್ ರೆಸಿಸ್ಟರ್ ಇರುವುದರಿಂದ ಅಲ್ಲಿ ಪೂರ್ತಿ 12 ವೋಲ್ಟ್ ಸಿಗದೆ ಚೋಕ್ ನಿಧಾನವಾಗಿ ತೆರೆಯುತ್ತದೆ, ಜೊತೆಗೆ ಕಿಡಿಯೂ ಸೊರಗುತ್ತದೆ. ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ, ಫ್ಯೂಸ್ ಇರುವ ತಂತಿಯಿಂದ ರಿಲೇ ಮೂಲಕ ಕೊಡಿ.

ಬ್ರೇಕ್ ಬೂಸ್ಟರ್ ಇದ್ದರೆ ಅದರ ಹೋಸ್ ಮ್ಯಾನಿಫೋಲ್ಡ್‌ಗೆ, ಪಿಸಿವಿ ಹೋಸ್ ಕಾರ್ಬುರೇಟರ್ ತಳದ ದೊಡ್ಡ ನಳಿಕೆಗೆ, ಡಿಸ್ಟ್ರಿಬ್ಯೂಟರ್ ಹೋಸ್ ಥ್ರಾಟಲ್ ತಟ್ಟೆಗಿಂತ ಮೇಲಿನ ಸಣ್ಣ ನಳಿಕೆಗೆ. ಐಡ್ಲಿಂಗ್‌ನಲ್ಲಿ ಆ ಸಣ್ಣ ನಳಿಕೆಯಲ್ಲಿ ವ್ಯಾಕ್ಯೂಮ್ ಇರಬಾರದು, ಪೆಡಲ್ ಒತ್ತಿದಾಗ ಬರಬೇಕು. ಉಳಿದ ನಳಿಕೆಗಳಿಗೆ ಮುಚ್ಚಳ ಹಾಕಿ. ಪೆಟ್ರೋಲ್ ಲೈನ್ ಎಕ್ಸಾಸ್ಟ್‌ನಿಂದ ಆದಷ್ಟು ದೂರ ಹಾಯಲಿ, ರಬ್ಬರ್ ಹೋಸ್ ಚಿಕ್ಕದಿರಲಿ.

ಮೊದಲ ಸ್ಟಾರ್ಟ್ ಮತ್ತು ಟ್ಯೂನಿಂಗ್

ಸ್ಟಾರ್ಟ್ ಆದ ಕೂಡಲೇ ನೋಡಬೇಕಾದದ್ದು ಪೆಟ್ರೋಲ್ ಸೋರಿಕೆ. ಈ ಎಂಜಿನ್ನಿನಲ್ಲಿ ಕಾರ್ಬುರೇಟರ್ ಕೆಳಗೇ ಎಕ್ಸಾಸ್ಟ್ ಇದೆ, ಒಂದು ಹನಿ ಸೋರಿದರೂ ಆಫ್ ಮಾಡಿ. ಇದೇ ಕಾರಣಕ್ಕೆ ಗಾಳಿ ಸೋರಿಕೆ ಹುಡುಕಲು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುವ ಅಭ್ಯಾಸ ಇಲ್ಲಿ ಅಪಾಯಕಾರಿ. ಹೊಗೆ ಯಂತ್ರ ಉತ್ತಮ. ಅದಿಲ್ಲದಿದ್ದರೆ ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಇನ್‌ಟೇಕ್ ಜೋಡಣೆಗಳ ಮೇಲೆ ಮಾತ್ರ ನೀರನ್ನು ತುಂತುರಾಗಿ ಹೊಡೆಯಿರಿ. ಐಡ್ಲಿಂಗ್ ಬದಲಾದ ಜಾಗದಲ್ಲಿ ಸೋರುತ್ತಿದೆ. ಕಾದ ಎಕ್ಸಾಸ್ಟ್ ಕಬ್ಬಿಣದ ಮೇಲೆ ನೀರು ಬಿದ್ದರೆ ಸೀಳಬಹುದು.

ಟ್ಯೂನಿಂಗ್‌ನ ಕ್ರಮ ತಪ್ಪಿಸಬೇಡಿ. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸಂಪರ್ಕ) ಇರುವ ಡಿಸ್ಟ್ರಿಬ್ಯೂಟರ್ ಆದರೆ ಮೊದಲು ಗ್ಯಾಪ್ 0.020 ಇಂಚು. ಸ್ಪಾರ್ಕ್ ಪ್ಲಗ್ ಗ್ಯಾಪ್ 0.035 ಇಂಚು. ಆಮೇಲೆ ಟೈಮಿಂಗ್ (ಕಿಡಿ ಹಾರುವ ಸಮಯ): ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಹೋಸ್ ತೆಗೆದು ಮುಚ್ಚಿ, ಬಾನೆಟ್ ಕೆಳಗಿನ ಫಲಕದಲ್ಲಿ ಹೇಳಿದ ಡಿಗ್ರಿಗೆ ಇಡಿ. ಎಲ್ಲ ಮುಗಿದ ಮೇಲೆ ಕಿಡಿಯನ್ನು ಎರಡೆರಡು ಡಿಗ್ರಿ ಮುಂಚಿತವಾಗಿಸಿ ಏರಿನಲ್ಲಿ ಓಡಿಸಿ ನೋಡಬಹುದು. ಒಳಗೆ ಕಟಕಟ ಬಡಿತ ಕೇಳಿದರೆ ಹಿಂದಕ್ಕೆ ತನ್ನಿ.

ಮಿಕ್ಸ್ಚರ್ ಅನ್ನು ಎಂಜಿನ್ ಪೂರ್ತಿ ಬಿಸಿಯಾಗಿ ಚೋಕ್ ತೆರೆದ ಮೇಲಷ್ಟೇ ಮುಟ್ಟಿ. ವ್ಯಾಕ್ಯೂಮ್ ಗೇಜ್ ನೋಡುತ್ತ ಎರಡೂ ಸ್ಕ್ರೂಗಳನ್ನು ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ, ಮುಳ್ಳು ಗರಿಷ್ಠಕ್ಕೆ ಬಂದಲ್ಲಿ ನಿಲ್ಲಿಸಿ, ಆರ್‌ಪಿಎಂ ಇಳಿಯಲು ಶುರುವಾಗುವವರೆಗೆ ಚೂರು ಒಳಕ್ಕೆ ತನ್ನಿ. ಸ್ಕ್ರೂ ಪೂರ್ತಿ ಮುಚ್ಚಿದರೂ ಎಂಜಿನ್ ನಿಲ್ಲದಿದ್ದರೆ ಥ್ರಾಟಲ್ ತಟ್ಟೆ ಬೇಕಾದ್ದಕ್ಕಿಂತ ಹೆಚ್ಚು ತೆರೆದಿದ್ದು, ಪೆಟ್ರೋಲ್ ಬೇರೆ ರಂಧ್ರದಿಂದ ಬರುತ್ತಿದೆ. ಮೂಲ ಕಾರಣ ಗಾಳಿ ಸೋರಿಕೆಯೋ ಹಿಂದುಳಿದ ಟೈಮಿಂಗೋ ಇರುತ್ತದೆ. ಅದನ್ನು ಹುಡುಕಿ.

ವೈಡ್‌ಬ್ಯಾಂಡ್ ಆಕ್ಸಿಜನ್ ಮೀಟರ್ ಇದ್ದರೆ ಗಾಳಿ-ಪೆಟ್ರೋಲ್ ಅನುಪಾತ ಸಮವೇಗದ ಓಟದಲ್ಲಿ 14.5ರ ಆಸುಪಾಸು, ಪೆಡಲ್ ಪೂರ್ತಿ ಒತ್ತಿದಾಗ 12.5ರಿಂದ 13. ಮೀಟರ್ ಆರೂ ಸಿಲಿಂಡರ್‌ಗಳ ಸರಾಸರಿಯನ್ನಷ್ಟೇ ಹೇಳುತ್ತದೆ. ಉದ್ದ ಎಂಜಿನ್ನಿನ ನಡುವೆ ಒಂದೇ ಕಾರ್ಬುರೇಟರ್ ಇರುವಾಗ ತುದಿಯ 1 ಮತ್ತು 6ನೇ ಸಿಲಿಂಡರ್‌ಗೆ ಪೆಟ್ರೋಲ್ ಸಾಲದಿರುವುದುಂಟು. ಆದ್ದರಿಂದ ಒಂದು ದೀರ್ಘ ಓಟದ ನಂತರ ಆರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು, 3 ಮತ್ತು 4ರ ಬಣ್ಣದೊಂದಿಗೆ 1 ಮತ್ತು 6ರದನ್ನು ಹೋಲಿಸಿ. ತುದಿಯವು ಬಿಳಚಿದ್ದರೆ ಅವಕ್ಕೆ ಸಾಕಾಗುವಷ್ಟು ಮುಖ್ಯ ಜೆಟ್ ಒಂದು ಅಳತೆ ದೊಡ್ಡದಿರಲಿ.

ತೊಂದರೆ ಬಂದರೆ

ಪೆಡಲ್ ಒತ್ತಿದ ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆಯೇ? ಎಂಜಿನ್ ಆಫ್ ಮಾಡಿ, ಮೇಲಿನಿಂದ ನೋಡುತ್ತ ಥ್ರಾಟಲ್ ಎಳೆಯಿರಿ. ಚಲನೆಯ ಮೊದಲ ಕೂದಲೆಳೆಯಲ್ಲೇ ಎರಡೂ ಬ್ಯಾರೆಲ್‌ಗೆ ಪೆಟ್ರೋಲ್ ಚಿಮ್ಮಬೇಕು. ತಡವಾದರೆ ಕಾರ್ಬುರೇಟರ್‌ನದೇ ಆಕ್ಸಿಲರೇಟರ್ ಪಂಪ್‌ನ ಲಿಂಕ್ ಹೊಂದಿಸಿ, ಒಂದೇ ಕಡೆ ಚಿಮ್ಮಿದರೆ ರಂಧ್ರ ಕಟ್ಟಿದೆ.

ಬಿಸಿಯಾಗಿ ನಿಲ್ಲಿಸಿದ ಹತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಆಗದೆ ಪೆಟ್ರೋಲ್ ವಾಸನೆ ಬಂದರೆ ಬಟ್ಟಲಿನ ಪೆಟ್ರೋಲ್ ಕುದಿದು ಒಳಗೆ ಚೆಲ್ಲಿದೆ. ಹೀಟ್ ರೈಸರ್ ಮತ್ತೆ ಪರೀಕ್ಷಿಸಿ, ಕಾರ್ಬುರೇಟರ್ ಕೆಳಗೆ ಕಾಲು ಇಂಚಿನ ಶಾಖನಿರೋಧಕ ತಟ್ಟೆ ಹಾಕಿ, ಲಿಂಕೇಜನ್ನು ಪುನಃ ಹೊಂದಿಸಿ. ಎತ್ತರ ಕಾಲು ಇಂಚು ಬದಲಾದರೂ ಕಿಕ್‌ಡೌನ್ ಅಳತೆ ತಪ್ಪುತ್ತದೆ.

ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದ ಮೇಲೆ ನಿಂತರೆ ಅದು ಟ್ಯಾಪೆಟ್ ಅಲ್ಲ, ಎಕ್ಸಾಸ್ಟ್ ಗ್ಯಾಸ್ಕೆಟ್. ನಾಲ್ಕೈದು ಸಲ ಬಿಸಿಯಾಗಿ ತಣಿದ ಮೇಲೆ, ತಣ್ಣನೆಯ ಎಂಜಿನ್ ಮೇಲೆ, ನಟ್‌ಗಳನ್ನು ಮತ್ತೆ 10 ಅಡಿ-ಪೌಂಡ್‌ಗೆ ಪರೀಕ್ಷಿಸಿ. ಆಗಲೂ ಸದ್ದು ಉಳಿದರೆ ಮ್ಯಾನಿಫೋಲ್ಡ್ ಗಂಟನ್ನು ಮತ್ತೆ ಇಳಿಸಿ ಮುಖ ಅಳೆಯಬೇಕು.